ಹಳದಿ ದೀಪ ಹೊತ್ತಿತೇ? ಸೆನ್ಸರ್ ಬದಲಿಸಲು ಅವಸರ ಬೇಡ

ವರ್ಷಕ್ಕಾಗುವ ಮೆಣಸು ತರಲು ಬ್ಯಾಡಗಿಗೆ, ವ್ಯಾಪಾರಕ್ಕೆ ಹಾವೇರಿಗೆ ಅಂತ ಘಟ್ಟ ಹತ್ತುವವರು ನಮ್ಮಲ್ಲಿದ್ದಾರೆ. ಮನೆಮಂದಿಯನ್ನು ಕೂರಿಸಿಕೊಂಡು ರಾಣೆಬೆನ್ನೂರು ದಾಟುವಾಗ ಕಾರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿದರೆ ಎದೆ ಧಸಕ್ ಅನ್ನುತ್ತದೆ. ಊರು ಹೊಸದು, ಗ್ಯಾರೇಜೂ ಹೊಸದು. ‘ಆಕ್ಸಿಜನ್ ಸೆನ್ಸರ್ ಹೋಗಿದೆ, ಹೊಸದು ಹಾಕ್ಬೇಕು’ ಅಂದರೆ ನಾವು ಸುಮ್ಮನೆ ದುಡ್ಡು ಕೊಟ್ಟು ಬರುತ್ತೇವೆ. ಕೆಲವೊಮ್ಮೆ ಹೋಗಿರುವುದು ಒಂದು ಫ್ಯೂಸ್ ಅಷ್ಟೇ!

ಮೊದಲು ದೀಪವನ್ನು ನೋಡಿ. ಮಿನುಗುತ್ತಿದ್ದರೆ ಗಾಡಿಯನ್ನು ಬದಿಗೆ ನಿಲ್ಲಿಸಿ, ಮೆಕ್ಯಾನಿಕ್‌ನನ್ನು ಕರೆಸಿ. ಒಂದೇ ಸಮ ಉರಿಯುತ್ತಿದ್ದು, ಎಂಜಿನ್ ಸರಿಯಾಗಿ ಓಡುತ್ತಿದ್ದರೆ ಗಾಬರಿ ಬೇಡ, ನಿಧಾನವಾಗಿ ಊರು ಸೇರಬಹುದು.

ಆಕ್ಸಿಜನ್ ಸೆನ್ಸರ್ ಇರುವುದು ಹೊಗೆ ಕೊಳವೆಯಲ್ಲಿ. ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಅಂತ ಎಂಜಿನ್ ಕಂಪ್ಯೂಟರಿಗೆ ಹೇಳುವುದು ಅದರ ಕೆಲಸ. ಆದರೆ 300 ಡಿಗ್ರಿ ಸೆಲ್ಸಿಯಸ್ಸಿನಷ್ಟು ಬಿಸಿಯಾಗದೆ ಅದು ಮಾತನಾಡುವುದಿಲ್ಲ. ಬೇಗ ಬಿಸಿಯಾಗಲೆಂದೇ ಒಳಗೊಂದು ಪುಟ್ಟ ಹೀಟರ್ ಇದೆ. ಅದು ಕೆಟ್ಟರೂ ಹೆದ್ದಾರಿಯಲ್ಲಿ ಬಿಸಿ ಹೊಗೆಯಿಂದಲೇ ಸೆನ್ಸರ್ ಕಾಯುತ್ತದೆ, ನಮಗೆ ವ್ಯತ್ಯಾಸ ಗೊತ್ತಾಗದೆ ಇರಬಹುದು. ಬೆಳಿಗ್ಗೆ ತಣ್ಣಗಿನ ಗಾಡಿ ಹೊರಡಿಸುವಾಗ, ಬ್ಯಾಡಗಿ ಮಾರುಕಟ್ಟೆಯ ಗದ್ದಲದಲ್ಲಿ ನಿಂತು ನಿಂತು ಸಾಗುವಾಗ ಮಾತ್ರ ಪೆಟ್ರೋಲ್ ಹೆಚ್ಚು ಕುಡಿಯಬಹುದು. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಸೆನ್ಸರಿಗಿಂತ ಎಷ್ಟೋ ದುಬಾರಿಯಾದ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾದೀತು.

ಸ್ಕ್ಯಾನರ್ ಹಾಕಿದಾಗ ‘ಪಿ0135’ ಬಂದರೆ ಮುಂದಿನ ಸೆನ್ಸರಿನ ಹೀಟರ್, ‘ಪಿ0141’ ಬಂದರೆ ಹಿಂದಿನದು. ಕೋಡ್ ದೋಷದ ದಾರಿ ತೋರಿಸುತ್ತದೆ, ಸೆನ್ಸರೇ ಸತ್ತಿದೆ ಅಂತ ಹೇಳುವುದಿಲ್ಲ. ಹಾಗಾಗಿ ಈ ಕ್ರಮದಲ್ಲಿ ನೋಡಲು ಹೇಳಿ.

ಮೊದಲು ಫ್ಯೂಸ್. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಬೇಕು. ಮತ್ತೆ ಸುಟ್ಟರೆ ವಯರ್ ಎಲ್ಲೋ ಕೊಳವೆಗೆ ತಾಗಿ ಕರಗಿರಬಹುದು. ನಂತರ ಕನೆಕ್ಟರ್ ಬಿಚ್ಚಿ ನೋಡಬೇಕು: ತುಕ್ಕು, ನೀರು, ಇಲಿ ಕಡಿದ ವಯರ್. ಇಂಥ ಕಡೆ ವಯರ್ ಸರಿಪಡಿಸಿದರೆ ಸಾಕು. ಆಮೇಲೆ ಮಲ್ಟಿಮೀಟರ್. ನಾಲ್ಕು ವಯರಿನ ಸೆನ್ಸರಿನಲ್ಲಿ ಸಾಮಾನ್ಯವಾಗಿ ಒಂದೇ ಬಣ್ಣದ ಎರಡು ವಯರ್‌ಗಳು ಹೀಟರಿನವು. ತಣ್ಣಗಿರುವಾಗ ಅವುಗಳ ನಡುವೆ ಕೆಲವೇ ಓಮ್ ತೋರಿಸಬೇಕು. ನಿಖರ ಅಂಕೆ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಏನೂ ತೋರಿಸದಿದ್ದರೆ ಒಳಗಿನ ತಂತಿ ಕಡಿದಿದೆ. ಹೀಟರ್ ಬೇರೆಯಾಗಿ ಸಿಗುವುದಿಲ್ಲ, ಆಗ ಮಾತ್ರ ಸೆನ್ಸರ್ ಬದಲಿಸಬೇಕು. ಓಮ್ ಸರಿಯಿದ್ದರೆ ಗಾಡಿಯ ಕಡೆಯ ಕನೆಕ್ಟರಿಗೆ 12 ವೋಲ್ಟ್ ಬರುತ್ತಿದೆಯೇ ನೋಡಬೇಕು.

ಇಷ್ಟೂ ಪರೀಕ್ಷೆಗೆ ಬೇಕಾಗುವುದು ಸ್ವಲ್ಪ ಹೊತ್ತು. ಗಾಡಿ ನಮ್ಮದು, ದುಡ್ಡೂ ನಮ್ಮದು. ‘ಮೀಟರ್ ಹಿಡಿದು ತೋರಿಸಿ ಅಣ್ಣಾ’ ಅಂತ ಕೇಳಲು ಸಂಕೋಚ ಯಾಕೆ? ನಿಜವಾದ ಮೆಕ್ಯಾನಿಕ್ ಅದಕ್ಕೆ ಬೇಸರ ಪಟ್ಟುಕೊಳ್ಳುವುದಿಲ್ಲ.