ದೂರವಾಣಿಯಲ್ಲಿ ಹೇಳಿದ ಗುಟ್ಟು

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಮಾರಿ ಬಂದ ರೈತರೊಬ್ಬರು ಕದರಮಂಡಲಗಿಯ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿರುವರೆಂದು ಭಾವಿಸೋಣ. ಮಾರಾಟದ ಹಣ ಬ್ಯಾಂಕಿನ ಖಾತೆಗೆ ಜಮೆಯಾಗಿದೆ. ಅಷ್ಟರಲ್ಲಿ ಮೊಬೈಲು ಮೊಳಗುತ್ತದೆ. "ಯಜಮಾನರೆ, ನಾವು ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ. ನಿಮ್ಮ ಕಾರ್ಡು ಈ ಸಂಜೆಗೆ ನಿಂತುಹೋಗುತ್ತದೆ. ಅದರ ಮೊದಲ ಆರು ಅಂಕಿಗಳನ್ನು ನಾವೇ ಹೇಳುತ್ತೇವೆ, ಸರಿಯೇ ನೋಡಿಕೊಳ್ಳಿ. ಉಳಿದವನ್ನು ನೀವು ಓದಿ ಹೇಳಿ." ರೈತರು ಕಾರ್ಡನ್ನು ತೆಗೆದು ನೋಡುತ್ತಾರೆ. ಆರು ಅಂಕಿಗಳೂ ಸರಿಯಾಗಿವೆ! ಬ್ಯಾಂಕಿನವರಿಗಲ್ಲದೆ ಮತ್ತಾರಿಗೆ ಇದು ತಿಳಿದೀತು ಎಂದು ಅವರಿಗೆ ತೋರುವುದು ಸಹಜ.

ಈ ಊಹೆ ಸರಿಯೇ? ಇದನ್ನು ನಿರ್ಣಯಿಸಬೇಕಾದರೆ ಕಾರ್ಡಿನ ಮೇಲಣ ಅಂಕಿಗಳ ಅರ್ಥವನ್ನೂ ದೂರವಾಣಿಯ ಸ್ವಭಾವವನ್ನೂ ನಾವು ತಿಳಿಯಬೇಕು.

ಅಂಕಿಗಳ ಅರ್ಥ

ಕ್ರೆಡಿಟ್ ಕಾರ್ಡಾಗಲಿ ಡೆಬಿಟ್ ಕಾರ್ಡಾಗಲಿ, ಅದರ ಮೇಲೆ ಸಾಮಾನ್ಯವಾಗಿ 16 ಅಂಕಿಗಳಿರುತ್ತವೆ. ಇವುಗಳಲ್ಲಿ ಮೊದಲ ಆರು, ಹೊಸ ಪದ್ಧತಿಯಲ್ಲಿ ಎಂಟು, ಕಾರ್ಡನ್ನು ಕೊಟ್ಟ ಬ್ಯಾಂಕಿನ ಗುರುತು. ಆ ಬ್ಯಾಂಕು ಹಂಚಿದ ಅದೇ ಬಗೆಯ ಸಾವಿರಾರು ಕಾರ್ಡುಗಳಲ್ಲಿ ಇವು ಒಂದೇ ಆಗಿರುತ್ತವೆ. ಒಂದು ಊರಿನವರೆಲ್ಲರ ವಿಳಾಸದಲ್ಲಿಯೂ ಅದೇ ಪಿನ್‌ಕೋಡು ಇರುವಂತೆಯೇ ಇದು. ಆದಕಾರಣ ಆ ಆರು ಅಂಕಿಗಳನ್ನು ಹೇಳಿದವನು ಬ್ಯಾಂಕಿನವನೆಂಬುದಕ್ಕೆ ಅದು ಯಾವ ಪ್ರಮಾಣವೂ ಅಲ್ಲ.

ನಡುವಣ ಅಂಕಿಗಳು ಖಾತೆಗೆ ಸಂಬಂಧಪಟ್ಟವು. ಕೊನೆಯದು ತಾಳೆಯ ಅಂಕಿ. ಇದರ ಲೆಕ್ಕವನ್ನು ಕಂಡುಹಿಡಿದವರು ಐ.ಬಿ.ಎಂ. ಸಂಸ್ಥೆಯ ಎಂಜಿನಿಯರ್ ಹಾನ್ಸ್ ಪೀಟರ್ ಲೂನ್. ಅವರು 1954ರಲ್ಲಿ ಸಲ್ಲಿಸಿದ ಅರ್ಜಿಗೆ 1960ರಲ್ಲಿ ಅಮೆರಿಕದ ಪೇಟೆಂಟು ದೊರೆಯಿತು. ವಿದ್ಯಾರ್ಥಿಗಳು ಕಾಗದದ ಮೇಲೆ ಇದನ್ನು ತಾವೇ ಮಾಡಿ ನೋಡಬಹುದು. 31427 ಎಂಬ ಪುಟ್ಟ ಸಂಖ್ಯೆಯನ್ನು ತೆಗೆದುಕೊಳ್ಳೋಣ. ಬಲಗಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಅಂಕಿಗಳನ್ನು ಇಮ್ಮಡಿಸಬೇಕು. ಇಮ್ಮಡಿಸಿದ್ದು 9ನ್ನು ಮೀರಿದರೆ ಅದರಿಂದ 9ನ್ನು ಕಳೆಯಬೇಕು. ಆಗ 7, 4, 4, 2, 3 ಎಂದಾಗಿ ಮೊತ್ತ 20. ಮೊತ್ತವು ಹತ್ತರಿಂದ ಶೇಷವಿಲ್ಲದೆ ಭಾಗವಾದರೆ ಸಂಖ್ಯೆ ಸರಿ. ದೂರವಾಣಿಯಲ್ಲಿ 'ಮೂರು' ಎಂದದ್ದು 'ಆರು' ಎಂದು ಕೇಳಿಸಿತೆನ್ನಿ. 61427ಕ್ಕೆ ಮೊತ್ತ 23. ತಪ್ಪು ಒಡನೆಯೇ ಹೊರಬೀಳುತ್ತದೆ. ಆದರೆ ಈ ತಾಳೆ ಹಿಡಿಯುವುದು ಕೈತಪ್ಪನ್ನು ಮಾತ್ರ, ಕಳ್ಳನನ್ನಲ್ಲ.

ಕಾರ್ಡಿನ ಹಿಂಬದಿಯಲ್ಲಿರುವ ಸಿ.ವಿ.ವಿ. ಎಂಬ ಮೂರಂಕಿಯ ಸಂಖ್ಯೆಯ ಕೆಲಸವೇ ಬೇರೆ. ಕಾರ್ಡಿನ ಸಂಖ್ಯೆ ಮತ್ತು ಅದರ ಅವಧಿ ಮುಗಿಯುವ ತಿಂಗಳುಗಳನ್ನು ಬ್ಯಾಂಕಿನ ರಹಸ್ಯ ಕೀಲಿಯೊಡನೆ ಕೂಡಿಸಿ ಗಣಕಯಂತ್ರವು ಇದನ್ನು ಲೆಕ್ಕಹಾಕುತ್ತದೆ. ಹೇಳುವವನ ಕೈಯಲ್ಲಿ ಕಾರ್ಡು ಇದೆ ಎಂದು ತೋರಿಸುವುದೇ ಇದರ ಉದ್ದೇಶ. ಆದರೆ ಒಮ್ಮೆ ಬಾಯಿಬಿಟ್ಟು ಹೇಳಿದ ಮೇಲೆ ಕೇಳಿದವನಿಗೂ ಅದು ತಿಳಿಯಿತು. ಗುಟ್ಟು ಗುಟ್ಟಾಗಿ ಉಳಿಯಲಿಲ್ಲ.

ತಂತಿಯೋ, ಕಿವಿಯೋ?

ದಾರಿಯಲ್ಲಿ ಯಾರಾದರೂ ಕದ್ದು ಕೇಳುವರೆಂಬುದು ಅನೇಕರ ಭಯ. ಮೊಬೈಲಿನಿಂದ ಗೋಪುರದವರೆಗೆ ಮಾತು ಗೂಢಲಿಪಿಯಾಗಿಯೇ ಸಾಗುವುದರಿಂದ ಅಲ್ಲಿ ಅಪಾಯ ಕಡಿಮೆ. ಹೆಚ್ಚಿನ ಅಪಾಯವಿರುವುದು ಆಚೆಯ ತುದಿಯಲ್ಲಿ. ಅಲ್ಲಿ ಕೇಳುತ್ತಿರುವವನ ಮುಖ ನಮಗೆ ಕಾಣದು. ಪರದೆಯ ಮೇಲೆ ಮೂಡುವ ಕರೆಯ ಸಂಖ್ಯೆಯನ್ನೂ ವೇಷ ಹಾಕಿಸಿ ಕಳುಹಿಸುವ ಉಪಾಯಗಳುಂಟು.

ಕೇಳುವವನು ನಿಜವಾದ ನೌಕರನೇ ಆಗಿದ್ದರೂ ಅಪಾಯ ತಪ್ಪಿತೆನ್ನುವಂತಿಲ್ಲ. 2006ರಲ್ಲಿ ಬೆಂಗಳೂರಿನ ಎಚ್.ಎಸ್.ಬಿ.ಸಿ. ಬ್ಯಾಂಕಿನ ಸೇವಾಕೇಂದ್ರದ ನೌಕರನೊಬ್ಬನು ಬ್ರಿಟನ್ನಿನ ಗ್ರಾಹಕರ ಮಾಹಿತಿಯನ್ನು ಹೊರಗಿನವರಿಗೆ ಒದಗಿಸಿದನೆಂಬ ಆಪಾದನೆಯ ಮೇಲೆ ಬಂಧಿತನಾದನು. ಸುಮಾರು ಇಪ್ಪತ್ತು ಗ್ರಾಹಕರ ಖಾತೆಗಳಿಂದ 2,33,000 ಪೌಂಡುಗಳಷ್ಟು ಹಣ ಹೋಗಿತ್ತೆಂದು ವರದಿಯಾಯಿತು. ಸಂಭಾಷಣೆಗಳನ್ನು ಧ್ವನಿಮುದ್ರಿಸುವ ಕಡೆಗಳಲ್ಲಿ ಹೇಳಿದ ಸಂಖ್ಯೆಯೂ ಮುದ್ರಿಕೆಯಲ್ಲಿ ಉಳಿದುಬಿಡಬಹುದು. ಆದುದರಿಂದಲೇ ವ್ಯವಹಾರ ಮುಗಿದ ಮೇಲೆ ಸಿ.ವಿ.ವಿ.ಯನ್ನು ಯಾವ ರೂಪದಲ್ಲಿಯೂ ಕಾದಿಡಕೂಡದೆಂದು ಕಾರ್ಡು ಕಂಪನಿಗಳ ಅಂತರರಾಷ್ಟ್ರೀಯ ನಿಯಮ ವಿಧಿಸುತ್ತದೆ.

ಬಾಯಿಂದ ಹೇಳದೆ ಗುಂಡಿಗಳನ್ನು ಒತ್ತಿದರೆ ಸಾಕಲ್ಲವೇ ಎಂದು ಕೆಲವರು ಕೇಳಬಹುದು. ಪ್ರತಿಯೊಂದು ಗುಂಡಿಯೂ ಎರಡು ಸ್ವರಗಳನ್ನು ಒಟ್ಟಿಗೆ ಹೊರಡಿಸುತ್ತದೆ. 1ನ್ನು ಒತ್ತಿದರೆ ಸೆಕೆಂಡಿಗೆ 697 ಮತ್ತು 1209 ಕಂಪನಗಳು. 5ನ್ನು ಒತ್ತಿದರೆ 770 ಮತ್ತು 1336. ಪಕ್ಕದಲ್ಲಿ ನಿಂತವರಿಗೆ ಸಂಖ್ಯೆ ಕೇಳಿಸದೆಂಬುದು ನಿಜ. ಆದರೆ ಆಚೆಯ ತುದಿಯ ಯಂತ್ರ ಆ ಸ್ವರಗಳನ್ನು ಮತ್ತೆ ಅಂಕಿಗಳಾಗಿ ಓದಿಕೊಳ್ಳುತ್ತದೆ. ಯಂತ್ರ ವಂಚಕನದಾದರೆ ಒತ್ತಿದರೂ ಒಂದೇ, ಹೇಳಿದರೂ ಒಂದೇ.

ಒಮ್ಮೆ ಮಾತ್ರ ನಡೆಯುವ ಗುಟ್ಟು

ಈ ಕೊರತೆಯನ್ನು ನೀಗಲು ಭಾರತೀಯ ರಿಜರ್ವ್ ಬ್ಯಾಂಕು 2009ರಲ್ಲಿ ಅಂತರಜಾಲದ ಕಾರ್ಡು ವ್ಯವಹಾರಗಳಿಗೂ 2011ರಲ್ಲಿ ದೂರವಾಣಿಯ ಯಾಂತ್ರಿಕ ಧ್ವನಿಯ ಮೂಲಕ ನಡೆಯುವ ವ್ಯವಹಾರಗಳಿಗೂ ಎರಡನೆಯ ದೃಢೀಕರಣವನ್ನು ಕಡ್ಡಾಯ ಮಾಡಿತು. ಒ.ಟಿ.ಪಿ. ಬಳಕೆಗೆ ಬಂದುದು ಹೀಗೆ. ಆರಂಕಿಯ ಒ.ಟಿ.ಪಿ.ಗೆ ಹತ್ತು ಲಕ್ಷ ಸಾಧ್ಯತೆಗಳಿವೆ. ಮೇಲಾಗಿ ಅದು ಕೆಲವೇ ನಿಮಿಷ, ಒಂದೇ ವ್ಯವಹಾರಕ್ಕೆ ನಡೆಯುತ್ತದೆ. ಊಹಿಸಿ ಗೆಲ್ಲುವುದು ಕಷ್ಟವಾದುದರಿಂದಲೇ ವಂಚಕನು ಅದನ್ನು ನಮ್ಮಿಂದ ಕೇಳಿ ಪಡೆಯಲು ಹೊರಡುತ್ತಾನೆ. ಬ್ಯಾಂಕೇ ಕಳುಹಿಸಿದ ಸಂಖ್ಯೆಯನ್ನು ಬ್ಯಾಂಕಿನವರು ನಮ್ಮಿಂದ ಕೇಳಿ ತಿಳಿಯಬೇಕಾದ ಕಾರಣವೇನು? ಈ ಒಂದು ಪ್ರಶ್ನೆಯೇ ಸಾಕು, ವೇಷ ಕಳಚುವುದಕ್ಕೆ.

ಒ.ಟಿ.ಪಿ. ಹೇಳಲಿಲ್ಲ, ಸಂಖ್ಯೆ ಮತ್ತು ಸಿ.ವಿ.ವಿ. ಮಾತ್ರ ಹೇಳಿದೆವು ಎಂದು ಸಮಾಧಾನ ಪಡುವಂತೆಯೂ ಇಲ್ಲ. ಹೊರದೇಶದ ಅನೇಕ ವ್ಯಾಪಾರಿಗಳು ಒ.ಟಿ.ಪಿ. ಇಲ್ಲದೆಯೇ ಹಣ ಪಡೆದ ಉದಾಹರಣೆಗಳುಂಟು. 2020ರ ನಿಯಮದಂತೆ ಅಂತರಜಾಲದ ಹಾಗೂ ವಿದೇಶದ ವ್ಯವಹಾರಗಳನ್ನು ಕಾರ್ಡಿನವರೇ ತೆರೆಯಬಹುದು, ಮುಚ್ಚಬಹುದು. ಬೇಡದಿರುವಾಗ ಮುಚ್ಚಿಡುವುದು ಲೇಸು.

ನಷ್ಟ ಯಾರದು?

2017ರಲ್ಲಿ ರಿಜರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆ ಒಂದು ಮುಖ್ಯ ಭೇದವನ್ನು ಮಾಡಿತು. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ಹಣ ಹೋದಾಗ, ಗ್ರಾಹಕನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವನಿಗೆ ಹೊಣೆಯಿಲ್ಲ. ಗ್ರಾಹಕನೇ ಗುಟ್ಟನ್ನು ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ. ತಿಳಿಸಿದ ಮೇಲಿನದು ಬ್ಯಾಂಕಿನದು. ಆದುದರಿಂದ ಮೋಸಹೋದೆವೆಂದು ನಾಚಿ ಕೂಡಬಾರದು. ಕೂಡಲೇ ಕಾರ್ಡನ್ನು ನಿಲ್ಲಿಸಿ, 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆಮಾಡಬೇಕು. ಹಣವನ್ನು ವಂಚಕನು ಹೊರತೆಗೆಯುವ ಮುನ್ನ ತಡೆಹಿಡಿಯಲು ಆಗ ಅವಕಾಶವಿರುತ್ತದೆ.

ಹಾಗಾದರೆ ದೂರವಾಣಿಯಲ್ಲಿ ಕಾರ್ಡಿನ ವಿವರವನ್ನು ಎಂದಿಗೂ ಕೊಡಕೂಡದೇ? ನಾವೇ ಕರೆಮಾಡಿದ್ದು, ಸಂಖ್ಯೆಯನ್ನು ಕಾರ್ಡಿನ ಹಿಂಬದಿಯಿಂದಲೇ ನೋಡಿಕೊಂಡಿದ್ದರೆ, ಆಚೆಯ ತುದಿಯಲ್ಲಿ ಯಾರಿರುವರೆಂಬ ಸಂಶಯ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ತಾನಾಗಿ ಬಂದ ಕರೆಗೆ ಮಾತ್ರ ಒಂದಂಕಿಯನ್ನೂ ಹೇಳಬಾರದು. ಆಗಲೂ ಪಿನ್ ಮತ್ತು ಒ.ಟಿ.ಪಿ.ಗಳನ್ನು ಯಾವ ಮನುಷ್ಯನಿಗೂ ಹೇಳುವ ಅಗತ್ಯವಿಲ್ಲ.

ಕದರಮಂಡಲಗಿಯ ಆ ಮನೆಗೆ ಮರಳೋಣ. ಶಾಲೆಗೆ ಹೋಗುವ ಮಗಳು ತಂದೆಯ ಪಕ್ಕದಲ್ಲಿ ನಿಂತು, "ಅಪ್ಪಾ, ಆ ಆರು ಅಂಕಿ ಎಲ್ಲರ ಕಾರ್ಡಿನಲ್ಲೂ ಇರ್ತಾವ. ಫೋನ್ ಇಡು, ನಾವೇ ಬ್ಯಾಂಕಿಗೆ ಮಾಡೋಣ" ಎಂದರೆ ಸಾಕು. ಒಂದು ವರ್ಷದ ಬೆಳೆಯ ಹಣ ಆ ಎರಡು ಮಾತುಗಳಿಂದ ಉಳಿದೀತು.