ಮುಂದೆ ದವಾಖಾನೆ, ಹಿಂದೆ ಮನೆ

ಬಾಟಲಿಗೆ ಅಂಟಿಸುವ ಕಾಗದದ ಪಟ್ಟಿಯನ್ನು ಕತ್ತರಿಸುವುದಕ್ಕೂ ಕೈ ಪಳಗಿರಬೇಕಿತ್ತು. ಬಿಳಿ ಕಾಗದದ ಉದ್ದನೆಯ ತುಂಡನ್ನು ಆರು ಮಡಿಕೆ ಮಡಚಬೇಕು. ಮಡಿಕೆ ಬಿದ್ದ ಮೂಲೆಗಳನ್ನು ಕತ್ತರಿಯಿಂದ ಓರೆಯಾಗಿ, ಒಂದೇ ಸಲಕ್ಕೆ ಕತ್ತರಿಸಬೇಕು. ಬಿಡಿಸಿದರೆ ಅಂಚಿನುದ್ದಕ್ಕೂ ಸಮನಾದ ಹಲ್ಲುಗಳು. ಮೈದಾ ಅಂಟು ಸವರಿ ಬಾಟಲಿಗೆ ಹಚ್ಚಿದರೆ ಒಂದು ಹಲ್ಲಿನಿಂದ ಇನ್ನೊಂದಕ್ಕೆ ಒಂದು ಡೋಸು. ಓದು ಬಾರದ ಅಜ್ಜಿಯೂ ಲೆಕ್ಕ ತಪ್ಪುವಂತಿರಲಿಲ್ಲ.

ಇದನ್ನು ನನಗೆ ಕತ್ತರಿಸಿ ತೋರಿಸಿದವರು ಅಂಕೋಲೆಯ ಹಿರಿಯ ಡಾಕ್ಟರೊಬ್ಬರ ಮಗಳು. ಅವರಿಗೂ ಈಗ ಅರವತ್ತು ದಾಟಿದೆ. ತಂದೆ ತೀರಿಕೊಂಡು ಕೆಲವು ವರ್ಷಗಳಾದವು. ಹೆಸರು ಬರೆಯುವುದು ಬೇಡ ಎಂದು ಮನೆಯವರು ಕೇಳಿಕೊಂಡಿದ್ದಾರೆ. ‘ಅಪ್ಪನ ಹೆಸರು ಬೇಕಾದವರಿಗೆ ಗೊತ್ತೇ ಇದೆ’ ಎಂದರು ಮಗಳು. ಕಾರವಾರ, ಅಂಕೋಲೆಗಳಲ್ಲಿ ಇಂಥ ಡಾಕ್ಟರು ಒಬ್ಬರೇ ಇದ್ದದ್ದಲ್ಲ. ಪೇಟೆಯ ಒಂದೊಂದು ಬೀದಿಗೂ ಒಬ್ಬೊಬ್ಬರಿದ್ದ ಕಾಲವೊಂದಿತ್ತು.

ಉತ್ತರ ಕನ್ನಡ 1862ರಲ್ಲಿ ಮದರಾಸು ಬಿಟ್ಟು ಮುಂಬೈ ಪ್ರಾಂತಕ್ಕೆ ಸೇರಿತು. 1956ರವರೆಗೆ ಅಲ್ಲೇ ಇತ್ತು. ಹಾಗಾಗಿ ಇಲ್ಲಿಯ ಹುಡುಗರು ಡಾಕ್ಟರಿಕೆ ಕಲಿಯಲು ಮುಂಬೈ, ಪುಣೆಗಳ ದಾರಿ ಹಿಡಿದರು. ಎಲ್‌ಸಿಪಿಎಸ್ ಎಂಬ ಮುಂಬೈಯ ವೈದ್ಯಕೀಯ ಡಿಪ್ಲೊಮಾದ ಬೋರ್ಡು ನಮ್ಮ ಹಿರಿಯರಿಗೆ ಎಂಬಿಬಿಎಸ್‌ಗಿಂತ ಹೆಚ್ಚು ಪರಿಚಿತವಾಗಿದ್ದದ್ದು ಅದಕ್ಕೇ. ಮಣಿಪಾಲದ ಕಾಲೇಜು 1953ರಲ್ಲಿ, ಹುಬ್ಬಳ್ಳಿಯದು 1957ರಲ್ಲಿ ಬಂದವು. ಈ ಡಾಕ್ಟರು ಅದಕ್ಕೂ ಮೊದಲೇ ಮುಂಬೈಯಲ್ಲಿ ಓದಿದವರು. ಊರಿಗೆ ಮರಳಿ, ಹಂಚಿನ ಮನೆಯ ಜಗಲಿಗೆ ಮರದ ಜಾಲರಿ ಹೊಡೆಸಿ ದವಾಖಾನೆ ಮಾಡಿಕೊಂಡರು. ಜಗಲಿಯ ಹಿಂದಿನ ಬಾಗಿಲು ತೆರೆದರೆ ಊಟದ ಕೋಣೆ.

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಆ ಬಾಗಿಲು. ಅದಕ್ಕೆ ಹಗಲು ಅಗಳಿಯೇ ಇರಲಿಲ್ಲವಂತೆ. ಗಾಜಿನ ಸಿರಿಂಜುಗಳನ್ನು ಕುದಿಸುತ್ತಿದ್ದದ್ದು ಅಡುಗೆಮನೆಯ ಒಲೆಯ ಮೇಲೆ. ಅದು ಆಯಿಯ, ಅಂದರೆ ಡಾಕ್ಟರ ಹೆಂಡತಿಯ, ಕೆಲಸ. ಅನ್ನದ ಪಾತ್ರೆ ಇಳಿಸಿ ಸಿರಿಂಜಿನ ಡಬ್ಬಿ ಇಡುವುದು, ಇಕ್ಕಳದಿಂದ ಎತ್ತಿ ಕೊಡುವುದು, ಮೊಂಡಾದ ಸೂಜಿಯನ್ನು ಕಲ್ಲಿನ ಮೇಲೆ ತಿಕ್ಕಿ ಚೂಪು ಮಾಡುವುದು. ಮಕ್ಕಳು ಶಾಲೆಯಿಂದ ಬಂದು ಪುಡಿಯ ಪೊಟ್ಟಣ ಕಟ್ಟುತ್ತಿದ್ದರು. ಹುಷಾರಿಲ್ಲದ ಕೂಸನ್ನು ಎತ್ತಿಕೊಂಡು ದೂರದಿಂದ ನಡೆದು ಬಂದ ತಾಯಿಗೆ ಒಳಗೆ ಕರೆದು ಗಂಜಿ ಬಡಿಸುತ್ತಿದ್ದರು. ‘ನಮ್ಮ ಮನೆಯಲ್ಲಿ ನಾವಷ್ಟೇ ಕೂತು ಉಂಡ ನೆನಪು ಕಡಿಮೆ’ ಎಂದರು ಮಗಳು. ಹೇಳುವಾಗ ದನಿಯಲ್ಲಿ ದೂರು ಇರಲಿಲ್ಲ.

ಔಷಧ ಬೆರೆಸುತ್ತಿದ್ದವರು ಕಂಪೌಂಡರ್ ಮಾಮ. ಹೊಟ್ಟೆಯ ಮಿಕ್ಸ್ಚರಿಗೆ ಸೋಡಾ ಬೈಕಾರ್ಬ್, ಏಲಕ್ಕಿಯ ಟಿಂಕ್ಚರು, ಶುಂಠಿಯ ಟಿಂಕ್ಚರು, ಮೇಲೆ ಪೆಪ್ಪರ್‌ಮಿಂಟ್ ನೀರು. ಕೆಮ್ಮಿನದಕ್ಕೆ ಬೇರೆ, ಜ್ವರದ್ದಕ್ಕೆ ಬೇರೆ. ಕರಗದ ಪುಡಿ ಇದ್ದ ಔಷಧವಾದರೆ ‘ಅಲ್ಲಾಡಿಸಿ ಕುಡೀಬೇಕು’ ಎಂದು ಎರಡೆರಡು ಸಲ ಹೇಳಿಯೇ ಕಳಿಸುತ್ತಿದ್ದರು. ಅಲ್ಲಾಡಿಸದಿದ್ದರೆ ಪುಡಿಯೆಲ್ಲ ತಳಕ್ಕಿಳಿದು, ಮೊದಲ ದಿನ ಬರೀ ನೀರು ಕುಡಿದಂತಾಗಿ ಕಡೆಯ ಗುಟುಕಿಗೆ ಮದ್ದೆಲ್ಲ ಒಟ್ಟಿಗೆ ಹೊಟ್ಟೆ ಸೇರುತ್ತಿತ್ತು. ಬಾಟಲಿಯನ್ನು ರೋಗಿಯೇ ತರಬೇಕು. ‘ಬಾಟ್ಲಿ ತಂದ್ಯೇನೇ?’ ಎಂಬುದೇ ಮಾಮನ ಮೊದಲ ಮಾತು.

ಫೀಸಿಗೆ ಲೆಕ್ಕವೇ ಇರಲಿಲ್ಲ. ಮೇಜಿನ ಮೇಲೆ ಇಟ್ಟಷ್ಟು. ಕೇಣಿ, ಬೇಲೇಕೇರಿ ಕಡೆಯ ಮೀನುಗಾರರು ಬಲೆಗೆ ಒಳ್ಳೆಯ ಮೀನು ಬಿದ್ದ ದಿನ ಬುಟ್ಟಿ ತಂದಿಟ್ಟು ಹೋಗುತ್ತಿದ್ದರು. ಹಾಲಕ್ಕಿ ಹೆಂಗಸರು ಸಂತೆಗೆ ಹೊರಟ ಹೆಡಿಗೆಯಿಂದಲೇ ಬಸಳೆ, ಹರಿವೆ ತೆಗೆದು ಕೊಡುತ್ತಿದ್ದರು. ಮೇ ತಿಂಗಳಲ್ಲಿ ಕರಿ ಇಶಾಡ್ ಮಾವು ಮನೆ ತುಂಬುತ್ತಿತ್ತು. ಈ ಹಣ್ಣಿಗೆ ಈಗ ಭೌಗೋಳಿಕ ಮಾನ್ಯತೆ ಸಿಕ್ಕಿದೆ. ಆಗ ಅದು ಅಂಕೋಲೆಯವರ ಡಾಕ್ಟರ ಫೀಸು.

ರಾತ್ರಿಯ ಕರೆಗಳಿಗೆ ಮೊದಲು ಸೈಕಲ್, ಆಮೇಲೆ ಲ್ಯಾಂಬ್ರೆಟಾ. ಮಳೆಗಾಲದಲ್ಲಿ ಎರಡೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಲಾಟೀನು ಹಿಡಿದವನ ಹಿಂದೆ ಗದ್ದೆಯ ಅಂಚಿನಲ್ಲಿ ನಡೆದೇ ಹೋಗಬೇಕು. ಹಾವು ಕಚ್ಚಿದವರು, ಹೆರಿಗೆಗೆ ಕೂತವರು, ದಮ್ಮು ಕಟ್ಟಿದ ಮುದುಕರು. ಯಾರ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರ ತಾಯಿಗೆ ಕ್ಷಯವಿತ್ತು, ಯಾವ ಮನೆಯಲ್ಲಿ ಗಂಡ ಕುಡಿದು ಹೊಡೆಯುತ್ತಾನೆ ಎಂಬುದೆಲ್ಲ ಗೊತ್ತಿದ್ದವರಿಗೆ ಅರ್ಧ ರೋಗ ಅಂಗಳ ದಾಟುವಾಗಲೇ ತಿಳಿಯುತ್ತಿತ್ತು. ಇದನ್ನು ಯಾವ ಸ್ಕ್ಯಾನಿಂಗ್ ಯಂತ್ರವೂ ಹೇಳಲಾರದು ಎಂದೇ ನನ್ನ ನಂಬಿಕೆ.

ಅಂಕೋಲೆಯ ಪಕ್ಕದ ಬೆಳಂಬಾರ ಪಾರ್ಶ್ವವಾಯುವಿನ ನಾಟಿ ಔಷಧಕ್ಕೆ ರಾಜ್ಯದಲ್ಲೆಲ್ಲ ಹೆಸರಾದ ಊರು. ಅಲ್ಲಿಗೆ ಹೋಗುವವರನ್ನು ಡಾಕ್ಟರು ಎಂದೂ ಹೀಯಾಳಿಸಿದವರಲ್ಲ. ಆದರೆ ‘ಮೊದಲು ಆಸ್ಪತ್ರೆ, ಆಮೇಲೆ ಬೆಳಂಬಾರ’ ಎನ್ನುವುದನ್ನು ಕಡೆಯ ವರ್ಷಗಳಲ್ಲಿ ಹಟ ಹಿಡಿದು ಹೇಳುತ್ತಿದ್ದರು. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಅಷ್ಟರೊಳಗೆ ಎಲ್ಲಿಗೆ ಮುಟ್ಟುವುದು ಎಂಬುದೇ ಈ ಜಿಲ್ಲೆಯ ಕಷ್ಟ.

ಕಾರವಾರಕ್ಕೆ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ನೌಕಾನೆಲೆಯ ಪತಂಜಲಿ ಆಸ್ಪತ್ರೆ 2020ರಲ್ಲಿ ಭಟ್ಕಳದ ಕೊರೊನಾ ರೋಗಿಗಳನ್ನು ಸೇರಿಸಿಕೊಂಡು ಗುಣಪಡಿಸಿ ಕಳಿಸಿತು. ಇವು ಸಣ್ಣ ಸಂಗತಿಗಳಲ್ಲ. ಆದರೂ ದೊಡ್ಡ ಕಾಯಿಲೆ ಎಂದರೆ ಇಂದಿಗೂ ದಕ್ಷಿಣಕ್ಕೆ 150 ಕಿ.ಮೀ. ಮೀರಿದ ಮಣಿಪಾಲ, ಅರಬೈಲ್ ಘಟ್ಟ ಹತ್ತಿದರೆ ಹುಬ್ಬಳ್ಳಿ, ಕಾಳಿ ಸೇತುವೆ ದಾಟಿದರೆ ಗೋವಾ. 2022ರ ಜುಲೈ 20ರಂದು ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ ಬೀದಿಗಿಳಿದರು. ಎರಡು ವರ್ಷದ ಬಳಿಕ, 2024ರ ಜುಲೈ 16ರಂದು, ಅಂಕೋಲೆ ತಾಲ್ಲೂಕಿನ ಇನ್ನೊಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು. ಮರು ತಿಂಗಳು 7ರಂದು ಕಾಳಿಯ ಹಳೆಯ ಸೇತುವೆ ನದಿಗೆ ಬಿತ್ತು. ಒಂದೇ ರಸ್ತೆಯನ್ನು ನೆಚ್ಚಿ ಬದುಕುವವರ ಪಾಡಿದು.

ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೇ ಬೇಕು. ಆದರೆ ಆ ಕೂಗಿನಲ್ಲಿ ಬೀದಿಯ ದವಾಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದ್ದು ಯಾರ ಗಮನಕ್ಕೂ ಬರಲಿಲ್ಲ. ಡಾಕ್ಟರ ಮಕ್ಕಳು ಡಾಕ್ಟರಾದರೂ ಬೆಂಗಳೂರು, ಅಮೆರಿಕ ಸೇರಿದರು. ಹೊಸಬರು ಸ್ಪೆಷಲಿಸ್ಟ್ ಆಗದೆ ಊರಿಗೆ ಬರಲಾರರು. ಆದಮೇಲೆ ಊರು ಅವರಿಗೆ ಸಾಲದು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಸೀಬರ್ಡ್ ನೌಕಾನೆಲೆಗಾಗಿ ಕರಾವಳಿಯ ಊರುಗಳಿಂದ ಎದ್ದು ಹೋದ ಸಂಸಾರಗಳು ಎರಡೆರಡು ಬಸ್ಸು ಬದಲಿಸಿ ಈ ಜಗಲಿಗೇ ಬರುತ್ತಿದ್ದವು ಎಂದು ಮಗಳು ಹೇಳಿದಾಗ, ಒಬ್ಬ ಡಾಕ್ಟರ ಮೇಲಿನ ಇಷ್ಟು ನೆಚ್ಚಿಕೆಯನ್ನು ಯಾವ ಸರ್ಕಾರಿ ಯೋಜನೆ ತಂದುಕೊಟ್ಟೀತು ಎಂದು ಯೋಚಿಸಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನು ಒಂದೇ ಊರಿನಲ್ಲಿ ಹತ್ತು ವರ್ಷ ನಿಲ್ಲಿಸಿಕೊಳ್ಳುವುದು ಹೇಗೆಂದು ಯಾರಾದರೂ ಮನಸ್ಸಿಟ್ಟು ಆಲೋಚಿಸಿದರೆ ಒಂದು ದಾರಿ ಕಂಡೀತು.

ಜಗಲಿಯ ಜಾಲರಿ ಇನ್ನೂ ಇದೆ. ಮನೆಯನ್ನು ಬಾಡಿಗೆಗೆ ಕೊಡಿ ಎಂದು ಕೇಳುವವರಿದ್ದಾರೆ; ಮಗಳು ಇನ್ನೂ ನಿರ್ಧರಿಸಿಲ್ಲ. ನಾನು ಹೋದ ದಿನ ಹಾರವಾಡದ ಕಡೆಯ ಹೆಂಗಸೊಬ್ಬಳು ಗಂಡನ ಎಕ್ಸ್‌ರೇ ಲಕೋಟೆ ಹಿಡಿದು ಬಂದಿದ್ದಳು. ಡಾಕ್ಟರು ಇಲ್ಲವೆಂಬುದು ಅವಳಿಗೆ ಗೊತ್ತು. ಮದ್ದು ಕೇಳಲು ಬಂದವಳೂ ಅಲ್ಲ. ‘ಕಾರವಾರಕ್ಕೆ ಹೋಗಿ ಅಂತಾರೆ, ಮಣಿಪಾಲಕ್ಕೆ ಹೋಗಿ ಅಂತಾರೆ. ಎಲ್ಲಿಗೆ ಹೋಗಬೇಕು ಅಂತ ಯಾರನ್ನ ಕೇಳೂದು ಅಕ್ಕ?’ ಎಂದಳು. ಮಗಳು ಲಕೋಟೆ ತೆಗೆದುಕೊಂಡು, ಬೆಂಗಳೂರಿನಲ್ಲಿರುವ ತಮ್ಮನಿಗೆ ಫೋನ್ ಹಚ್ಚಿದರು.