ಹವಳದ ತೊಟ್ಟಿಗೆ ಯಾವ ಉಸುಕು?

ಬಸವಕಲ್ಯಾಣ, ಹುಮನಾಬಾದ್‌ಗಳ ನೆಲದಡಿ ಇರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ. ಆ ಕರಿಗಲ್ಲು ಸವೆದು ಎರೆಮಣ್ಣಾಗಿದೆ; ಅಲ್ಲಲ್ಲಿ ಮೇಲೆ ಕೆಂಪು ಜಂಬಿಟ್ಟಿಗೆ ಹೊದ್ದುಕೊಂಡಿದೆ. ಕಡಲು ನೂರಾರು ಕಿಲೋಮೀಟರ್ ಆಚೆ. ಇಂಥ ನೆಲದಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಹವಳ ಬೆಳೆಸುವವರು ಅದನ್ನು ದೊಡ್ಡ ತೊಟ್ಟಿಗೆ ಸಾಗಿಸುವಾಗ ತಳಕ್ಕೆ ಯಾವ ಉಸುಕು ಹಾಕಬೇಕು? ಉಸುಕಿನಿಂದ ಆಗುವ ಲಾಭ ಅಲ್ಪ, ತಪ್ಪಾದರೆ ಆಗುವ ಹಾನಿ ದೊಡ್ಡದು. ಆದ್ದರಿಂದ ಹಾನಿಯ ಲೆಕ್ಕ ಹಾಕಿಯೇ ಆರಿಸಬೇಕೆಂಬುದು ನನ್ನ ವಾದ.

ಹಳೆಯ ಉಸುಕನ್ನೇ ಪೂರ್ತಿ ಸುರಿಯುವುದು ಎಲ್ಲಕ್ಕಿಂತ ಸುಲಭವಾಗಿ ಕಾಣುತ್ತದೆ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಅದರಲ್ಲಿವೆ, ಅವನ್ನು ಕಳೆದುಕೊಳ್ಳುವುದೇಕೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಆ ಬ್ಯಾಕ್ಟೀರಿಯಾ ತೊಟ್ಟಿಯೊಳಗಿನ ಕಲ್ಲುಗಳ ರಂಧ್ರಗಳಲ್ಲೂ ಧಾರಾಳವಾಗಿರುತ್ತವೆ; ಕಲ್ಲನ್ನು ಹಳೆಯ ನೀರಿನಲ್ಲೇ ಮುಳುಗಿಸಿ ಒಯ್ದರೆ ಅವೂ ಉಳಿಯುತ್ತವೆ. ಉಸುಕಿನ ಆಳದಲ್ಲಿರುವುದು ಬೇರೆಯೇ ಸಂಗತಿ. ಆಮ್ಲಜನಕ ತಲುಪದ ಪದರಗಳಲ್ಲಿ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಕೂಡಿರಬಹುದು. ಕದಲಿಸಿದರೆ ಅದು, ಜೊತೆಗೆ ವರ್ಷಗಟ್ಟಲೆ ಇಳಿದ ಕೊಳೆಯೂ ನೀರಿಗೆ ಬೆರೆಯುತ್ತದೆ. ಇನ್ನೊಂದು ಕಣ್ಣಿಗೆ ಕಾಣದ ಕಾಟ ಫಾಸ್ಫೇಟ್. ಸುಣ್ಣಾಂಶದ ಕಣಗಳು ಅದನ್ನು ಮೈಗೆ ಅಂಟಿಸಿಕೊಂಡಿರುತ್ತವೆ. ಸ್ವಚ್ಛ ನೀರು ಸಿಕ್ಕಾಗ ನಿಧಾನವಾಗಿ ಬಿಟ್ಟುಕೊಡುತ್ತವೆ. ಫಾಸ್ಫೇಟ್ ಹೆಚ್ಚಾದರೆ ಹವಳದ ಅಸ್ಥಿ ಕಟ್ಟುವ ಕೆಲಸ ಕುಂಠಿತವಾಗುತ್ತದೆ. ಹೊಸ ತೊಟ್ಟಿಗೆ ಹಳೆಯ ಮೇಲ್ಪದರದ ನಾಲ್ಕು ಹಿಡಿ ಉಸುಕನ್ನು ಹಳೆಯ ನೀರಿನಲ್ಲೇ ಜಾಲಾಡಿ ಹಾಕಿದರೆ ಹೆಪ್ಪು ಹಾಕಿದಂತೆ, ಅಷ್ಟು ಸಾಕು.

ಹಳ್ಳದ ಉಸುಕು ಏಕಾಗದು? ತೊಳೆದು ಒಣಗಿಸಿದ ಒಂದು ಹಿಡಿಯ ಮೇಲೆ ಅಯಸ್ಕಾಂತ ಆಡಿಸಿ ನೋಡಿ, ಕಪ್ಪು ಕಣಗಳು ಮೇಲೇಳುತ್ತವೆ. ಅವು ಲಾವಾಕಲ್ಲಿನ ಮ್ಯಾಗ್ನೆಟೈಟ್, ಅಂದರೆ ಕಬ್ಬಿಣದ ಅದಿರು. ಗಾಜು ಒರೆಸುವ ಅಯಸ್ಕಾಂತಕ್ಕೆ ಅಂಟಿ ಅವು ಗಾಜನ್ನೇ ಗೀರುತ್ತವೆ. ಎರೆಯ ಜೇಡಿ ನೀರನ್ನು ದಿನಗಟ್ಟಲೆ ಕದಡುತ್ತದೆ. ಎರೆಹೊಲದ ಸುಣ್ಣದ ಹರಳಿಗೋ ನೆರೆಜಿಲ್ಲೆಯ ಶಹಾಬಾದ್ ಕಲ್ಲಿನ ಪುಡಿಗೋ ವಿನೆಗರ್ ಹನಿಸಿದರೆ ನೊರೆ ಬರುತ್ತದಲ್ಲ, ಅದೂ ಸುಣ್ಣವೇ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ನೊರೆ ಸುಣ್ಣವಿದೆ ಎಂದಷ್ಟೇ ಹೇಳುತ್ತದೆ. ಜೊತೆಗಿರುವ ಜೇಡಿಯ ಬಗ್ಗೆ ಏನೂ ಹೇಳದು.

ಉಳಿದದ್ದು ಅರಗೊನೈಟ್, ಹವಳದ ಅಸ್ಥಿಯೂ ಇದೇ ಖನಿಜ. ಇದು ನೀರಿನ ಕ್ಷಾರತೆಯನ್ನು ತಾನೇ ಕಾಯುತ್ತದೆಂಬ ಮಾತನ್ನು ಮಾತ್ರ ನಂಬಬೇಡಿ. 8.1ರಿಂದ 8.3 ಪಿಎಚ್ ಇರುವ ಕಡಲ ನೀರಿನಲ್ಲಿ ಅರಗೊನೈಟ್ ಕರಗುವುದೇ ಇಲ್ಲವೆನ್ನಬಹುದು. ಕ್ಯಾಲ್ಸಿಯಂ, ಕ್ಷಾರತೆಗಳನ್ನು ಅಳೆದು ಬೇರೆಯಾಗಿಯೇ ಒದಗಿಸಬೇಕು. ಇದನ್ನು ಆರಿಸುವುದಕ್ಕೆ ಕಾರಣ ಇದು ಏನನ್ನೂ ಕೆಡಿಸದು ಎಂಬುದು. ಒಂದೆರಡು ಮಿಲಿಮೀಟರ್ ಕಣ, ಎರಡು ಮೂರು ಸೆಂಟಿಮೀಟರ್ ದಪ್ಪ ಸಾಕು: ಅದಕ್ಕಿಂತ ಸಣ್ಣದಾದರೆ ಪಂಪಿನ ರಭಸಕ್ಕೆ ಹಾರುತ್ತದೆ, ದಪ್ಪ ಹೆಚ್ಚಿದರೆ ತಳ ಉಸಿರುಗಟ್ಟುತ್ತದೆ. ಬಿಳಿ ಗಾಜುಮರಳು ಕಂದು ಪಾಚಿ ತರುತ್ತದೆಂಬ ಭಯವೂ ಉತ್ಪ್ರೇಕ್ಷೆ. ಆ ಪಾಚಿಗೆ ಬೇಕಾದ ಕರಗಿದ ಸಿಲಿಕಾ ಕರಿಗಲ್ಲಿನ ನೆಲದ ಕೊಳವೆಬಾವಿ ನೀರಿನಲ್ಲೇ ಸಾಕಷ್ಟಿರುತ್ತದೆ, ಆದ್ದರಿಂದ ಮೊದಲು ಆರ್‌ಓ ನೀರು ಹೊಂದಿಸಿಕೊಳ್ಳಿ.

ಹಾನಿಯನ್ನು ತೊಟ್ಟಿಯೊಳಗಷ್ಟೇ ಅಳೆದರೆ ಸಾಲದು. ಬಂಡೆ ಕಟ್ಟುವ ಹವಳಗಳನ್ನು 2001ರಲ್ಲಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ. ಅಂಗಡಿಯ ಅರಗೊನೈಟ್ ಉಸುಕು ಅಂಥ ಹವಳದ ಪುಡಿಯೇ ಆಗಿರಬಹುದು; ಪೊಟ್ಟಣದ ಮೇಲೆ ಉಸುಕಿನ ಮೂಲ ನಮೂದಾಗಿಲ್ಲದಿದ್ದರೆ ಅಂಗಡಿಯವರನ್ನು ಕೇಳಿ. ಉತ್ತರ ಸಿಗದಿದ್ದರೆ ಕೊಳ್ಳಬೇಡಿ.